ಕಡಿಮೆ ಖರ್ಚಿನಲ್ಲಿ ಮ್ಯಾಂಚೆಸ್ಟರ್: ಯಾವ ದಿನ, ಯಾವ ದಾರಿ, ಯಾವ ಕೋಣೆ, ಯಾವ ಗಿರಣಿ

ದಾವಣಗೆರೆಗೆ ‘ಕರ್ನಾಟಕದ ಮ್ಯಾಂಚೆಸ್ಟರ್’ ಎಂಬ ಹೆಸರು ಬಂದದ್ದು ಅಲ್ಲಿನ ಹತ್ತಿ ಗಿರಣಿಗಳಿಂದ. ಆ ಹೆಸರಿನ ಮೂಲ ಊರನ್ನು ನೋಡಬೇಕೆಂದು ಹೊರಟವರು ಮೊದಲು ಲೆಕ್ಕ ಹಾಕುವುದು ಪ್ರವೇಶ ಶುಲ್ಕವನ್ನು. ಆದರೆ ಈ ಊರಿನಲ್ಲಿ ಆ ಲೆಕ್ಕ ಬೇಕಿಲ್ಲ. ನೋಡಲೇಬೇಕಾದ ಮ್ಯೂಸಿಯಂ, ಗ್ಯಾಲರಿ, ಗ್ರಂಥಾಲಯಗಳಲ್ಲಿ ಬಹುಪಾಲು ಪುಕ್ಕಟೆ. ದುಡ್ಡು ಸೋರುವುದು ಮೂರು ಕಡೆ: ಊರು ತಲುಪುವ ರೈಲಿನಲ್ಲಿ, ರಾತ್ರಿ ಮಲಗುವ ಕೋಣೆಯಲ್ಲಿ, ಮತ್ತು ಬಾಗಿಲು ಮುಚ್ಚಿದ ದಿನ ಬಂದು ಇನ್ನೊಂದು ರಾತ್ರಿ ಉಳಿಯುವುದರಲ್ಲಿ. ಹೀಗಾಗಿ ಮೊದಲು ದಿನ, ಆಮೇಲೆ ರೈಲು, ಆಮೇಲೆ ಕೋಣೆ ಎಂಬ ಕ್ರಮದಲ್ಲಿ ತೀರ್ಮಾನ ಮಾಡಿದರೆ ಉಳಿತಾಯ ತಾನಾಗಿ ಬರುತ್ತದೆ. ಇಲ್ಲಿ ಕೊಟ್ಟಿರುವ ದರಗಳು 2025ರವು.

ವಾರದ ಯಾವ ದಿನ

ವಾರಾಂತ್ಯವೋ ವಾರದ ನಡುವೆಯೋ ಎಂಬ ಆಯ್ಕೆ ಇದ್ದರೆ ಕಣ್ಣು ಮುಚ್ಚಿಕೊಂಡು ವಾರದ ನಡುವೆ ಹೋಗಿ. ಮ್ಯಾಂಚೆಸ್ಟರ್ ಆರ್ಟ್ ಗ್ಯಾಲರಿ ಮತ್ತು ವಿಟ್‌ವರ್ತ್ ಗ್ಯಾಲರಿಗೆ ಸೋಮವಾರ ರಜೆ. ಪೀಪಲ್ಸ್ ಹಿಸ್ಟರಿ ಮ್ಯೂಸಿಯಂಗೆ ಮಂಗಳವಾರ ರಜೆ. ಡೀನ್ಸ್‌ಗೇಟ್ ರಸ್ತೆಯ ಜಾನ್ ರೈಲಂಡ್ಸ್ ಗ್ರಂಥಾಲಯ ಸಾರ್ವಜನಿಕರಿಗೆ ತೆರೆಯುವುದು ಸಾಮಾನ್ಯವಾಗಿ ಬುಧವಾರದಿಂದ ಶನಿವಾರದವರೆಗೆ ಮಾತ್ರ. ಭಾನುವಾರ ಬಂದು ಮಂಗಳವಾರ ಹೊರಡುವವರಿಗೆ ಈ ಪಟ್ಟಿಯಲ್ಲಿ ಅರ್ಧದಷ್ಟು ಕೈತಪ್ಪುತ್ತದೆ.

ಕೋಣೆಯ ಬಾಡಿಗೆಯೂ ಇದೇ ದಿಕ್ಕಿಗೆ ಎಳೆಯುತ್ತದೆ. ಮ್ಯಾಂಚೆಸ್ಟರಿನಲ್ಲಿ ಎರಡು ದೊಡ್ಡ ಫುಟ್‌ಬಾಲ್ ಕ್ಲಬ್‌ಗಳಿವೆ. ಎಒ ಅರೀನಾ ಜೊತೆಗೆ 2024ರಲ್ಲಿ ತೆರೆದ ಕೋ-ಆಪ್ ಲೈವ್ ಎಂಬ ಭಾರೀ ಸಂಗೀತ ಸಭಾಂಗಣವೂ ಇದೆ. ಪಂದ್ಯವೋ ಸಂಗೀತ ಕಛೇರಿಯೋ ಇರುವ ರಾತ್ರಿ ಅದೇ ಕೋಣೆಯ ದರ ಎರಡು ಮೂರು ಪಟ್ಟು ಏರುವುದು ಮಾಮೂಲು. ಪಟ್ಟಣದ ಕೋಣೆಗಳೆಲ್ಲ ಒಮ್ಮೆಲೇ ದುಬಾರಿ ಕಂಡರೆ ಆ ದಿನಾಂಕಕ್ಕೆ ಇವೆರಡು ಸಭಾಂಗಣ ಮತ್ತು ಎರಡು ಕ್ಲಬ್‌ಗಳ ಕ್ಯಾಲೆಂಡರ್ ನೋಡಿ. ಕಾರಣ ಅಲ್ಲೇ ಸಿಗುತ್ತದೆ, ಒಂದು ದಿನ ಆಚೀಚೆ ಮಾಡಿದರೆ ದರ ಇಳಿಯುತ್ತದೆ. ಮಂಗಳವಾರ ಸಂಜೆ ಬಂದು ಶುಕ್ರವಾರ ಸಂಜೆ ಹೊರಡುವುದು ಎಲ್ಲ ರೀತಿಯಿಂದಲೂ ಲಾಭದ ಲೆಕ್ಕ.

ಋತುವಿನ ಬಗ್ಗೆ ಒಂದೇ ಮಾತು. ಡಿಸೆಂಬರಿನಲ್ಲಿ ಮಧ್ಯಾಹ್ನ 4 ಗಂಟೆಗೆ ಮೊದಲೇ ಸೂರ್ಯ ಮುಳುಗುತ್ತಾನೆ, ಜೂನಿನಲ್ಲಿ ರಾತ್ರಿ 9.30ರವರೆಗೂ ಬೆಳಕಿರುತ್ತದೆ. ಮ್ಯೂಸಿಯಂಗಳು ಸಂಜೆ 5ಕ್ಕೆ ಮುಚ್ಚುವುದರಿಂದ ಬೇಸಿಗೆಯಲ್ಲಿ ಆಮೇಲಿನ ನಾಲ್ಕು ತಾಸು ಕಾಲುವೆ ದಂಡೆಯಲ್ಲಿ ನಡೆಯಲು ಸಿಗುತ್ತದೆ. ಎರಡು ದಿನದ ಪ್ರವಾಸ ಮೂರು ದಿನದಷ್ಟಾಗುತ್ತದೆ.

ಲಂಡನ್ನಿನ ಮೂಲಕವೋ, ನೇರ ಮ್ಯಾಂಚೆಸ್ಟರಿಗೋ

ಬೆಂಗಳೂರಿನಿಂದ ಬರುವವರು ಬಹುಮಟ್ಟಿಗೆ ಲಂಡನ್ನಿಗೆ ಟಿಕೆಟ್ ಮಾಡಿ, ಅಲ್ಲಿಂದ ಮ್ಯಾಂಚೆಸ್ಟರಿಗೆ ಹೋಗಿ, ಮತ್ತೆ ವಿಮಾನಕ್ಕಾಗಿ ಲಂಡನ್ನಿಗೆ ಮರಳುತ್ತಾರೆ. ದುಬೈ, ದೋಹಾ, ಅಬುಧಾಬಿಯಲ್ಲಿ ಒಮ್ಮೆ ವಿಮಾನ ಬದಲಿಸಿದರೆ ಮ್ಯಾಂಚೆಸ್ಟರ್ ವಿಮಾನ ನಿಲ್ದಾಣದಲ್ಲೇ ಇಳಿಯಬಹುದು. ಎರಡೂ ಊರು ನೋಡುವುದಿದ್ದರೆ ಮ್ಯಾಂಚೆಸ್ಟರಿನಲ್ಲಿ ಇಳಿದು ಲಂಡನ್ನಿನಿಂದ ಹೊರಡುವ ಟಿಕೆಟ್ ಹುಡುಕಿ. ವಿಮಾನದ ಜಾಲತಾಣಗಳಲ್ಲಿ ‘ಮಲ್ಟಿ ಸಿಟಿ’ ಎಂಬ ಆಯ್ಕೆ ಇರುತ್ತದೆ. ಒಂದು ಬದಿಯ ರೈಲು ಪ್ರಯಾಣದ ದುಡ್ಡೂ ಅರ್ಧ ದಿನವೂ ಉಳಿಯುತ್ತದೆ.

ಲಂಡನ್ನಿನಿಂದಲೇ ಬರುವುದಾದರೆ ಮೂರು ದಾರಿಗಳಿವೆ.

ಲಂಡನ್ನಿನ ಯೂಸ್ಟನ್ ನಿಲ್ದಾಣದಿಂದ ಮ್ಯಾಂಚೆಸ್ಟರಿನ ಪಿಕಡಿಲಿ ನಿಲ್ದಾಣಕ್ಕೆ ಅವಾಂತಿ ವೆಸ್ಟ್ ಕೋಸ್ಟ್ ಕಂಪನಿಯ ರೈಲು ಸುಮಾರು 2 ತಾಸು 10 ನಿಮಿಷದಲ್ಲಿ ತಲುಪುತ್ತದೆ. ಅದೇ ದಿನ ಕೌಂಟರಿಗೆ ಹೋಗಿ ಯಾವ ಹೊತ್ತಿನ ರೈಲಿಗಾದರೂ ಸಲ್ಲುವ ‘ಎನಿಟೈಮ್’ ರಿಟರ್ನ್ ಕೇಳಿದರೆ 350 ಪೌಂಡ್ ಮೀರುತ್ತದೆ. ಅದೇ ಸೀಟು ವಾರಗಟ್ಟಲೆ ಮೊದಲು ‘ಅಡ್ವಾನ್ಸ್’ ಟಿಕೆಟ್ಟಾಗಿ ಅದರ ಸಣ್ಣದೊಂದು ಪಾಲಿಗೆ ಸಿಗುತ್ತದೆ. ಆದರೆ ಅಡ್ವಾನ್ಸ್ ಟಿಕೆಟ್ ಆ ಒಂದು ರೈಲಿಗೆ ಮಾತ್ರ ಸಲ್ಲುತ್ತದೆ. ರೈಲು ತಪ್ಪಿದರೆ ಟಿಕೆಟ್ ಹೋದಂತೆ, ಹಣವೂ ವಾಪಸಾಗುವುದಿಲ್ಲ. ವಿಮಾನ ಇಳಿದ ದಿನವೇ ಅಡ್ವಾನ್ಸ್ ರೈಲು ಇಟ್ಟುಕೊಳ್ಳುವವರು ಎಡವುವುದು ಇಲ್ಲೇ. ಇಮಿಗ್ರೇಷನ್ ಸಾಲು, ಲಗೇಜು, ಹೀಥ್ರೂದಿಂದ ಯೂಸ್ಟನ್ನಿನವರೆಗಿನ ಮೆಟ್ರೋ ಎಲ್ಲ ಸೇರಿ ಕನಿಷ್ಠ 4 ತಾಸಿನ ಅಂತರ ಬೇಕು. ವೀಸಾ ಕೈಗೆ ಬರುವ ಮೊದಲು ಅಡ್ವಾನ್ಸ್ ಟಿಕೆಟ್ ಕೊಳ್ಳಲೇಬೇಡಿ.

ಎರಡನೆಯದು ಲಂಡನ್ ನಾರ್ತ್‌ವೆಸ್ಟರ್ನ್ ರೈಲು. ಇದೂ ಯೂಸ್ಟನ್ನಿನಿಂದಲೇ ಹೊರಡುತ್ತದೆ, ನಿಲ್ದಾಣಗಳು ಹೆಚ್ಚು, ಕ್ರೂ ಅಥವಾ ಸ್ಟೋಕ್‌ನಲ್ಲಿ ಬದಲಿಸಬೇಕು, ಮೂರೂವರೆ ನಾಲ್ಕು ತಾಸು ಹಿಡಿಯುತ್ತದೆ. ಕೊನೆ ಗಳಿಗೆಯಲ್ಲಿ ಹೊರಟವರಿಗೆ ನಿಜವಾಗಿ ಕೈಹಿಡಿಯುವುದು ಇದು. ಅವಾಂತಿ ದರ ಆಕಾಶಕ್ಕೇರಿದ ದಿನವೂ ಇಲ್ಲಿ ಕೈಗೆಟಕುವ ದರ ಸಿಗುವ ಸಂಭವ ಹೆಚ್ಚು. ಹುಡುಕುವಾಗ ‘ಅಗ್ಗದ್ದು ಮೊದಲು’ ಎಂದು ವಿಂಗಡಿಸದಿದ್ದರೆ ಈ ರೈಲು ಪಟ್ಟಿಯ ಕೆಳಗೆ ಅಡಗಿರುತ್ತದೆ. ಈ ಟಿಕೆಟ್ ಹಿಡಿದು ಅವಾಂತಿ ರೈಲು ಹತ್ತಿದರೆ ಟಿಕೆಟ್ ಇಲ್ಲದವರ ಲೆಕ್ಕ, ಹೊಸದಾಗಿ ಪೂರ್ತಿ ದರ ತೆರಬೇಕಾಗುತ್ತದೆ.

ಮೂರನೆಯದು ಕೋಚ್, ಅಂದರೆ ದೂರದ ಬಸ್ಸು. ನ್ಯಾಷನಲ್ ಎಕ್ಸ್‌ಪ್ರೆಸ್, ಫ್ಲಿಕ್ಸ್‌ಬಸ್ ಓಡುತ್ತವೆ, ಸುಮಾರು 5 ತಾಸಿನ ದಾರಿ. ಮೂರರಲ್ಲಿ ಅತಿ ಅಗ್ಗ ಇದೇ. ಹಗಲು ಕೋಚ್ ಚೆನ್ನಾಗಿದೆ. ರಾತ್ರಿ ಕೋಚ್ ಹಿಡಿದರೆ ಒಂದು ರಾತ್ರಿಯ ಕೋಣೆ ಉಳಿಯಿತೆಂದು ಲೆಕ್ಕ ಹಾಕುವವರಿದ್ದಾರೆ. ಅದನ್ನು ನಾವು ಒಪ್ಪುವುದಿಲ್ಲ. ನಸುಕಿನ 4–5 ಗಂಟೆಗೆ ಚಳಿಯಲ್ಲಿ ಇಳಿದಾಗ ಕಾಫಿ ಅಂಗಡಿಯೂ ತೆರೆದಿರುವುದಿಲ್ಲ, ಮ್ಯೂಸಿಯಂ ತೆರೆಯುವುದು 10ಕ್ಕೆ, ಕೋಣೆ ಸಿಗುವುದು ಮಧ್ಯಾಹ್ನ. ಉಳಿಸಿದ ದುಡ್ಡಿಗೆ ಒಂದು ಇಡೀ ದಿನ ನಿದ್ದೆಗಣ್ಣಿನಲ್ಲಿ ಹೋಗುತ್ತದೆ.

ಇಬ್ಬರು ಜೊತೆಯಾಗಿ ಬರುವುದಾದರೆ ‘ಟೂ ಟುಗೆದರ್’ ರೈಲ್‌ಕಾರ್ಡ್ ಕೊಳ್ಳಿ. ಬೆಲೆ 35 ಪೌಂಡ್, ವರ್ಷವಿಡೀ ಮೂರರಲ್ಲೊಂದು ಪಾಲು ರಿಯಾಯಿತಿ. ಇಬ್ಬರ ಟಿಕೆಟ್ ಒಟ್ಟು 105 ಪೌಂಡ್ ಮುಟ್ಟಿದರೆ ಕಾರ್ಡಿನ ಬೆಲೆ ಬಂದುಬಿಡುತ್ತದೆ. ವಿದೇಶಿಯರೂ ಕೊಳ್ಳಬಹುದು. ಹೆಸರಿರುವ ಇಬ್ಬರೂ ಇಡೀ ದಾರಿ ಒಟ್ಟಿಗೇ ಇರಬೇಕು, ಸೋಮವಾರದಿಂದ ಶುಕ್ರವಾರ ಬೆಳಿಗ್ಗೆ 9.30ಕ್ಕಿಂತ ಮೊದಲು ನಡೆಯುವುದಿಲ್ಲ. ಮಕ್ಕಳಿದ್ದರೆ ‘ಫ್ಯಾಮಿಲಿ ಅಂಡ್ ಫ್ರೆಂಡ್ಸ್’ ಕಾರ್ಡ್ ಇನ್ನೂ ಮೇಲು: ದೊಡ್ಡವರಿಗೆ ಮೂರರಲ್ಲೊಂದು ಪಾಲು, ಮಕ್ಕಳಿಗೆ ಶೇ 60 ಕಡಿತ. 60 ದಾಟಿದ ಅಪ್ಪ ಅಮ್ಮನಿಗೆ ಸೀನಿಯರ್ ಕಾರ್ಡ್ ಇದೆ.

ಡಾರ್ಮಿಟರಿಯೋ, ಹೋಟೆಲ್ ಕೋಣೆಯೋ

ಒಬ್ಬರೇ ಬರುವವರಿಗೆ ಹಾಸ್ಟೆಲಿನ ಡಾರ್ಮಿಟರಿ ಹಾಸಿಗೆ ಅಗ್ಗ. ಇಬ್ಬರಾದ ಕೂಡಲೇ ಲೆಕ್ಕ ತಿರುಗುತ್ತದೆ. ಹಾಸ್ಟೆಲಿನಲ್ಲಿ ದರ ತಲೆಗೆ, ಟ್ರಾವೆಲಾಡ್ಜ್, ಪ್ರೀಮಿಯರ್ ಇನ್, ಐಬಿಸ್‌ಗಳಂಥ ಸರಪಳಿ ಹೋಟೆಲುಗಳಲ್ಲಿ ದರ ಕೋಣೆಗೆ. ಹಾಸಿಗೆಗೆ 25 ಪೌಂಡಿನಂತೆ ಇಬ್ಬರಿಗೆ 50 ಆಯಿತು. ವಾರದ ನಡುವೆ ಮುಂಚಿತವಾಗಿ ಕಾದಿರಿಸಿದರೆ ಅದೇ ಆಸುಪಾಸಿನಲ್ಲಿ ಸ್ವಂತ ಬಚ್ಚಲಿರುವ ಕೋಣೆ ಸಿಗುತ್ತದೆ. ಮಕ್ಕಳಿಬ್ಬರು ಇರುವ ಕುಟುಂಬಕ್ಕಂತೂ ಸರಪಳಿ ಹೋಟೆಲೇ ಸರಿ. ಪ್ರೀಮಿಯರ್ ಇನ್‌ನಲ್ಲಿ ಒಬ್ಬ ದೊಡ್ಡವರು ದುಡ್ಡು ಕೊಟ್ಟು ಬೆಳಗಿನ ತಿಂಡಿ ತೆಗೆದುಕೊಂಡರೆ 16ರೊಳಗಿನ ಇಬ್ಬರು ಮಕ್ಕಳಿಗೆ ಉಚಿತ.

ಹಾಸ್ಟೆಲ್ ಎಂದರೆ ಮೊದಲು ನೋಡಬೇಕಾದದ್ದು ಕಾಸಲ್‌ಫೀಲ್ಡಿನ ಕಾಲುವೆ ದಂಡೆಯ ಮೇಲಿರುವ ವೈಎಚ್‌ಎ, ಅಂದರೆ ಯೂತ್ ಹಾಸ್ಟೆಲ್ ಸಂಸ್ಥೆಯದು. ಪೊಟೇಟೊ ವಾರ್ಫ್ ಎಂಬ ಅಲ್ಲಿನ ವಿಳಾಸವೇ ಹಳೆಯ ಸರಕು ಕಟ್ಟೆಯ ನೆನಪು. ಸೈನ್ಸ್ ಅಂಡ್ ಇಂಡಸ್ಟ್ರಿ ಮ್ಯೂಸಿಯಂಗೆ ಅಲ್ಲಿಂದ ಐದು ನಿಮಿಷದ ನಡಿಗೆ. ಅತಿಥಿಗಳೇ ಬಳಸಬಹುದಾದ ಅಡುಗೆಮನೆ ಇರುವುದು ಸಸ್ಯಾಹಾರಿಗಳಿಗೆ ದೊಡ್ಡ ಅನುಕೂಲ: ಮೂರು ದಿನದ ಅನ್ನ ಸಾರಿಗೆ ಒಂದು ಹೋಟೆಲ್ ಊಟದ ದುಡ್ಡು ಸಾಕು.

ಊರಿನ ಒಳಗೋ ಹೊರಗೋ? ಸ್ಟಾಕ್‌ಪೋರ್ಟಿನಿಂದ ಪಿಕಡಿಲಿಗೆ ರೈಲಿನಲ್ಲಿ ಹತ್ತು ನಿಮಿಷ, ಕೋಣೆಗಳೂ ಹಲವು ಸಲ ಅಗ್ಗ. 1840ರಲ್ಲಿ ಮುಗಿದ, ಸುಮಾರು 1.1 ಕೋಟಿ ಇಟ್ಟಿಗೆಯ ರೈಲು ಸೇತುವೆ ಆ ಊರಿನ ನೆತ್ತಿಯ ಮೇಲೇ ಹಾಯುತ್ತದೆ. ಆದರೂ ವ್ಯತ್ಯಾಸ ರಾತ್ರಿಗೆ 15 ಪೌಂಡಿಗಿಂತ ಕಡಿಮೆ ಇದ್ದರೆ ಹೊರಗೆ ಹೋಗಬೇಡಿ. ಇಬ್ಬರ ದಿನದ ಓಡಾಟಕ್ಕೇ ಅಷ್ಟು ಖರ್ಚಾಗಿ ಹೋಗುತ್ತದೆ. 2023ರ ಏಪ್ರಿಲಿನಿಂದ ನಗರದ ಹೋಟೆಲುಗಳು ಕೋಣೆಗೆ ರಾತ್ರಿಗೆ 1 ಪೌಂಡ್ ಮತ್ತು ಅದರ ಮೇಲಿನ ತೆರಿಗೆಯನ್ನು ಪ್ರವಾಸಿ ಶುಲ್ಕವೆಂದು ಸೇರಿಸುತ್ತವೆ. ಬಿಲ್ಲಿನಲ್ಲಿ ಕಂಡರೆ ಅದು ಮೋಸವಲ್ಲ.

ಊರೊಳಗಿನ ಓಡಾಟ

ಪಿಕಡಿಲಿ ನಿಲ್ದಾಣದಿಂದ ಕಾಸಲ್‌ಫೀಲ್ಡಿಗೆ ನಡೆದರೆ ಅರ್ಧ ತಾಸು. ನೋಡಬೇಕಾದ ಜಾಗಗಳಲ್ಲಿ ಹೆಚ್ಚಿನವು ಈ ಎರಡರ ನಡುವೆಯೇ ಇವೆ. ಮಳೆ ಬಂದರೆ, ಕಾಲು ನೋವಾದರೆ ನಗರ ಕೇಂದ್ರದಲ್ಲಿ ಸುತ್ತುವ 1 ಮತ್ತು 2ನೇ ನಂಬರಿನ ಉಚಿತ ಬಸ್ಸುಗಳಿವೆ. ಸುಮ್ಮನೆ ಹತ್ತಿ ಕುಳಿತರಾಯಿತು.

ಬೀ ನೆಟ್‌ವರ್ಕ್ ಎಂಬುದು ಊರಿನ ಸಾರಿಗೆ ವ್ಯವಸ್ಥೆಯ ಹೆಸರು. ಅದರ ಉಳಿದ ಹಳದಿ ಬಸ್ಸುಗಳಲ್ಲಿ ಒಮ್ಮೆ 2 ಪೌಂಡ್ ಕೊಟ್ಟರೆ ಒಂದು ತಾಸಿನೊಳಗೆ ಎಷ್ಟು ಬಸ್ಸನ್ನಾದರೂ ಬದಲಿಸಬಹುದು. ದಿನಕ್ಕೆ ಎಷ್ಟೇ ಓಡಾಡಿದರೂ 5 ಪೌಂಡಿಗಿಂತ ಹೆಚ್ಚು ಕಡಿತವಾಗುವುದಿಲ್ಲ. ಟ್ರಾಮ್ ಬೇಗ ತಲುಪಿಸುತ್ತದೆ, ದೂರಕ್ಕೆ ಹೋದಷ್ಟೂ ವಲಯ ಲೆಕ್ಕದಲ್ಲಿ ದರ ಏರುತ್ತದೆ. ಕಾರ್ಡ್ ಮುಟ್ಟಿಸುವ ಕ್ರಮ ಮಾತ್ರ ಎರಡರಲ್ಲೂ ಬೇರೆ ಬೇರೆ, ಹೊಸಬರು ದಂಡ ಕಟ್ಟುವುದು ಇದರಿಂದಲೇ. ಬಸ್ಸಿನಲ್ಲಿ ಹತ್ತುವಾಗ ಒಮ್ಮೆ ಮುಟ್ಟಿಸಿದರೆ ಸಾಕು. ಟ್ರಾಮ್‌ಗೆ ಪ್ಲಾಟ್‌ಫಾರ್ಮಿನ ಮೇಲೆ ಹತ್ತುವ ಮೊದಲು ಒಮ್ಮೆ, ಇಳಿದ ಮೇಲೆ ಇನ್ನೊಮ್ಮೆ ಮುಟ್ಟಿಸಬೇಕು. ಗೇಟು ಇಲ್ಲದ ಕಾರಣ ಇದು ಮರೆತುಹೋಗುತ್ತದೆ. ಇಳಿದಾಗ ಮರೆತರೆ ಗರಿಷ್ಠ ದರ ಕಡಿತವಾಗುತ್ತದೆ, ಹತ್ತುವಾಗ ಮರೆತು ತಪಾಸಣೆಯಲ್ಲಿ ಸಿಕ್ಕರೆ ನೂರು ಪೌಂಡ್ ಮೀರಿದ ದಂಡ. ದಿನವಿಡೀ ಒಂದೇ ಕಾರ್ಡ್ ಬಳಸಿ. ಒಮ್ಮೆ ಕಾರ್ಡು, ಇನ್ನೊಮ್ಮೆ ಫೋನು ಮುಟ್ಟಿಸಿದರೆ ಯಂತ್ರಕ್ಕೆ ಅವು ಇಬ್ಬರು ಬೇರೆ ಬೇರೆ ಪ್ರಯಾಣಿಕರು, ದಿನದ ಮಿತಿಯ ಲಾಭ ಸಿಗುವುದಿಲ್ಲ. ಗಂಡ ಹೆಂಡತಿಗೆ ಒಂದೇ ಕಾರ್ಡ್ ಆಗುವುದಿಲ್ಲ. ನಮ್ಮ ಬ್ಯಾಂಕಿನ ವೀಸಾ ಅಥವಾ ಮಾಸ್ಟರ್‌ಕಾರ್ಡಿನಲ್ಲಿ ವಿದೇಶಿ ಬಳಕೆ ಮತ್ತು ಕಾಂಟ್ಯಾಕ್ಟ್‌ಲೆಸ್ ಎರಡನ್ನೂ ಊರಿನಲ್ಲಿರುವಾಗಲೇ ಆ್ಯಪಿನಲ್ಲಿ ಆನ್ ಮಾಡಿಕೊಳ್ಳಿ.

ವಿಮಾನ ನಿಲ್ದಾಣದಿಂದ ಊರಿಗೆ ರೈಲು ಸುಮಾರು 20 ನಿಮಿಷ, ಟ್ರಾಮ್ ಮುಕ್ಕಾಲು ತಾಸಿನ ಮೇಲೆ, 43ನೇ ನಂಬರ್ ಬಸ್ಸು ಒಂದು ತಾಸಿನಷ್ಟು. ಬಸ್ಸಿಗೆ ಅದೇ 2 ಪೌಂಡ್, ರಾತ್ರಿಯಿಡೀ ಓಡುತ್ತದೆ. ದೊಡ್ಡ ಸೂಟ್‌ಕೇಸ್ ಎರಡಿದ್ದರೆ ರೈಲು, ಬೆನ್ನಚೀಲ ಮಾತ್ರ ಇದ್ದರೆ 43.

ಯಾವ ಮ್ಯೂಸಿಯಂಗೆ ಎಷ್ಟು ಹೊತ್ತು

ಒಂದೇ ದಿನ ಇರುವವರು ಲಿವರ್‌ಪೂಲ್ ರಸ್ತೆಯ ಸೈನ್ಸ್ ಅಂಡ್ ಇಂಡಸ್ಟ್ರಿ ಮ್ಯೂಸಿಯಂನಿಂದ ಶುರುಮಾಡಿ. 1830ರ ಸೆಪ್ಟೆಂಬರ್ 15ರಂದು ಲಿವರ್‌ಪೂಲ್–ಮ್ಯಾಂಚೆಸ್ಟರ್ ರೈಲು ಮಾರ್ಗ ಶುರುವಾದಾಗಿನ ನಿಲ್ದಾಣ ಇದೇ ಆವರಣದಲ್ಲಿದೆ. ಇಂದಿಗೂ ಉಳಿದಿರುವ ಪ್ರಯಾಣಿಕ ರೈಲು ನಿಲ್ದಾಣಗಳಲ್ಲಿ ಜಗತ್ತಿನಲ್ಲೇ ಅತಿ ಹಳೆಯದು. ಒಳಗೆ ಹೋದ ಕೂಡಲೇ ಮಾಹಿತಿ ಮೇಜಿನಲ್ಲಿ ‘ಹತ್ತಿ ಯಂತ್ರಗಳನ್ನು ಇವತ್ತು ಎಷ್ಟು ಹೊತ್ತಿಗೆ ಓಡಿಸುತ್ತೀರಿ’ ಎಂದು ಕೇಳಿ, ಉಳಿದ ದಿನವನ್ನು ಆ ವೇಳೆಯ ಸುತ್ತ ಜೋಡಿಸಿಕೊಳ್ಳಿ. ನಿಂತ ಯಂತ್ರ ನೋಡುವುದಕ್ಕೂ ಅರಳೆ ಹಂಜಿಯಾಗಿ, ಹಂಜಿ ನೂಲಾಗಿ, ನೂಲು ಮಗ್ಗಕ್ಕೆ ಬರುವುದನ್ನು ಕಣ್ಣೆದುರು ನೋಡುವುದಕ್ಕೂ ಹೋಲಿಕೆಯೇ ಇಲ್ಲ. ಒಂದೇ ಮಗ್ಗದ ಸದ್ದಿಗೆ ಕಿವಿ ಮುಚ್ಚಿಕೊಳ್ಳಬೇಕಾಗುತ್ತದೆ. ನೂರಾರು ಮಗ್ಗಗಳ ನಡುವೆ ದಿನವಿಡೀ ನಿಂತವರು ತುಟಿಯ ಚಲನೆ ನೋಡಿಯೇ ಮಾತನಾಡಿಕೊಳ್ಳುತ್ತಿದ್ದದ್ದು ಏಕೆಂದು ಆಗ ತಿಳಿಯುತ್ತದೆ. ಆವರಣದ ಕೆಲವು ಕಟ್ಟಡಗಳು ದುರಸ್ತಿಗಾಗಿ ಸರದಿಯಂತೆ ಮುಚ್ಚಿರುತ್ತವೆ, ಹೊರಡುವ ವಾರ ಜಾಲತಾಣ ನೋಡಿಕೊಳ್ಳಿ. ಎರಡೂವರೆ ತಾಸು ಇಡಿ.

ಯಂತ್ರಕ್ಕಿಂತ ಮನುಷ್ಯರ ಕಥೆ ಬೇಕೆನ್ನುವವರಿಗೆ ಪೀಪಲ್ಸ್ ಹಿಸ್ಟರಿ ಮ್ಯೂಸಿಯಂ ಮೊದಲ ಆಯ್ಕೆ. ಕಾರ್ಮಿಕ ಸಂಘಗಳ ಬಣ್ಣದ ಬಟ್ಟೆಯ ಬ್ಯಾನರುಗಳು, ಮತದಾನದ ಹಕ್ಕಿನ ಹೋರಾಟ, 1819ರ ಆಗಸ್ಟ್ 16ರಂದು ಸೇಂಟ್ ಪೀಟರ್ಸ್ ಮೈದಾನದಲ್ಲಿ ಸೇರಿದ ಜನರ ಮೇಲೆ ಕುದುರೆ ಸವಾರರು ಕತ್ತಿ ಬೀಸಿದ ಪೀಟರ್‌ಲೂ ಘಟನೆ ಎಲ್ಲ ಇಲ್ಲಿವೆ. ಕಟ್ಟಡ ಹಿಂದೆ ನೀರಿನ ಒತ್ತಡದಿಂದ ಶಕ್ತಿ ಕಳಿಸುತ್ತಿದ್ದ ಪಂಪ್‌ಹೌಸ್. ಗೋದಾಮುಗಳ ಯಂತ್ರಗಳ ಜೊತೆಗೆ ಪುರಭವನದ ಗಡಿಯಾರಕ್ಕೆ ಕೀಲಿ ಕೊಡುವುದೂ, ಆಪೆರಾ ಹೌಸಿನ ಪರದೆ ಎತ್ತುವುದೂ ಇಲ್ಲಿನ ನೀರಿನಿಂದಲೇ ನಡೆಯುತ್ತಿತ್ತು. ಪ್ರವೇಶ ಉಚಿತ, ದೇಣಿಗೆ ಪೆಟ್ಟಿಗೆ ಇರುತ್ತದೆ. ಕೈಲಾದಷ್ಟು ಹಾಕಿ.

ಗ್ರಂಥಾಲಯಗಳು ಎರಡು, ಒಂದಕ್ಕೆ ದುಡ್ಡಿಲ್ಲ. ಜಾನ್ ರೈಲಂಡ್ಸ್, ಹತ್ತಿ ಬಟ್ಟೆ ವ್ಯಾಪಾರದಲ್ಲಿ ಶ್ರೀಮಂತನಾದ ಗಂಡನ ನೆನಪಿಗೆ ಎನ್ರಿಕೆಟಾ ರೈಲಂಡ್ಸ್ ಕಟ್ಟಿಸಿದ್ದು. 1900ರ ಜನವರಿ 1ರಂದು ಓದುಗರಿಗೆ ತೆರೆಯಿತು. ಚೆಥಮ್ಸ್ 1653ರದ್ದು, ಇಲ್ಲಿ 1845ರಲ್ಲಿ ಮಾರ್ಕ್ಸ್ ಮತ್ತು ಎಂಗೆಲ್ಸ್ ಜೊತೆಯಾಗಿ ಕುಳಿತು ಓದಿದ ಕಿಟಕಿ ಪಕ್ಕದ ಮೇಜು ಇದೆ. ಇದಕ್ಕೆ ಮಾರ್ಗದರ್ಶಿಯೊಂದಿಗಿನ ಟಿಕೆಟ್ ಪ್ರವಾಸ ಮಾತ್ರ, ಮೊದಲೇ ಕಾದಿರಿಸಬೇಕು. ಎರಡರಲ್ಲಿ ಒಂದೇ ಎಂದರೆ ಸುಂದರವಾದದ್ದು ರೈಲಂಡ್ಸ್. ಕೈಗಾರಿಕಾ ಇತಿಹಾಸದ ಓದು ಇರುವವರಿಗೆ ಚೆಥಮ್ಸ್‌ಗೆ ಕೊಟ್ಟ ದುಡ್ಡು ವ್ಯರ್ಥವಲ್ಲ.

ರಾಯಲ್ ಎಕ್ಸ್‌ಚೇಂಜನ್ನು ಪಟ್ಟಿಯಲ್ಲಿ ಬರೆದುಕೊಳ್ಳದೆ ಮುಂದೆ ಹೋಗುವವರೇ ಹೆಚ್ಚು. ಇದು ಹತ್ತಿ ವ್ಯಾಪಾರದ ಸಭಾಂಗಣ, ಈಗ ನಾಟಕಶಾಲೆ. 1968ರ ಕೊನೆಗೆ ವಹಿವಾಟು ನಿಂತ ದಿನದ ಧಾರಣೆಗಳು ಮೇಲಿನ ಫಲಕದಲ್ಲಿ ಇಂದಿಗೂ ಹಾಗೇ ಇವೆ. ಎಪಿಎಂಸಿ ಯಾರ್ಡಿನ ಧಾರಣೆ ಫಲಕ ಕಂಡವರಿಗೆ ಅದರ ಮುಂದೆ ಐದು ನಿಮಿಷ ನಿಲ್ಲುವ ಮನಸ್ಸಾದೀತು. ಅಲ್ಲಿಂದ ಸ್ವಲ್ಪ ನಡೆದರೆ ಲಿಂಕನ್ ಚೌಕದಲ್ಲಿ ಅಬ್ರಹಾಂ ಲಿಂಕನ್ನರ ಪ್ರತಿಮೆ. 1861–65ರ ಅಮೆರಿಕದ ಅಂತರ್ಯುದ್ಧದಲ್ಲಿ ಅಲ್ಲಿನ ಹತ್ತಿ ಬರುವುದು ನಿಂತು ಲ್ಯಾಂಕಷೈರಿನ ಗಿರಣಿಗಳು ಬಾಗಿಲು ಹಾಕಿದಾಗಲೂ ಗುಲಾಮಗಿರಿಯ ವಿರುದ್ಧ ನಿಂತ ಇಲ್ಲಿನ ಕಾರ್ಮಿಕರಿಗೆ ಲಿಂಕನ್ 1863ರ ಜನವರಿಯಲ್ಲಿ ಪತ್ರ ಬರೆದರು. ಆ ಹತ್ತಿ ಬರದ ಇನ್ನೊಂದು ತುದಿ ನಮ್ಮಲ್ಲಿದೆ. ಧಾರವಾಡ ಸೀಮೆಯ ಅಮೆರಿಕನ್ ತಳಿಯ ಹತ್ತಿಯನ್ನು ಬೇಗ ಸಮುದ್ರಕ್ಕೆ ಸಾಗಿಸಬೇಕೆಂದು ಮ್ಯಾಂಚೆಸ್ಟರಿನ ಹತ್ತಿ ವ್ಯಾಪಾರಿಗಳು ಕಾರವಾರದ ಬಂದರಿಗಾಗಿ ಒತ್ತಾಯಿಸಿದರು. 1862ರಲ್ಲಿ ಉತ್ತರ ಕನ್ನಡ ಮದರಾಸು ಪ್ರಾಂತದಿಂದ ಮುಂಬಯಿ ಪ್ರಾಂತಕ್ಕೆ ಸೇರಿದ ಹಿಂದೆ ಈ ಒತ್ತಾಯವೂ ಇತ್ತು.

ಪುರಭವನದ ಒಳಗನ್ನು ನಂಬಿಕೊಂಡು ಯೋಜನೆ ಹಾಕಬೇಡಿ, 2018ರಿಂದ ದೀರ್ಘ ದುರಸ್ತಿಗಾಗಿ ಮುಚ್ಚಿದೆ. ಬದಲಿಗೆ ಸಂಜೆಯನ್ನು ಆಂಕೋಟ್ಸ್‌ಗೆ ಕೊಡಿ. ಮರ್ರೇಸ್ ಮಿಲ್ಸ್, ರಾಯಲ್ ಮಿಲ್‌ನಂಥ ಭಾರೀ ಇಟ್ಟಿಗೆ ಗಿರಣಿಗಳು ರೋಚ್‌ಡೇಲ್ ಕಾಲುವೆಯ ಬದಿಯಲ್ಲೇ ಎದ್ದುನಿಂತಿವೆ. ಈಗ ಒಳಗೆಲ್ಲ ಮನೆ, ಕಚೇರಿಗಳು. ಅಲ್ಲಿಂದ ಕಾಲುವೆಯ ದಂಡೆ ಹಿಡಿದು ಕಾಸಲ್‌ಫೀಲ್ಡಿನವರೆಗೆ ಇಳಿಯಬಹುದು, ಆದರೆ ಪಿಕಡಿಲಿ ಹತ್ತಿರ ರಸ್ತೆಯ ಕೆಳಗೆ ಹಾಯುವ ಭಾಗ ಕತ್ತಲು. ಬೆಳಕಿರುವಾಗ ಮಾತ್ರ ಆ ದಾರಿ, ಕತ್ತಲಾದ ಮೇಲೆ ಮೇಲಿನ ರಸ್ತೆ.

ಊಟ

ನಾರ್ದರ್ನ್ ಕ್ವಾರ್ಟರಿನ ಹಿಂದಿನ ಬೀದಿಗಳಲ್ಲಿ ‘ರೈಸ್ ಅಂಡ್ ತ್ರೀ’ ಎಂದು ಕೇಳಿ: ಒಂದು ತಟ್ಟೆ ಅನ್ನ, ಮೂರು ಬಗೆಯ ಪಲ್ಯ ಅಥವಾ ಸಾರು. ಆ ಭಾಗದ ಬಟ್ಟೆ ವ್ಯಾಪಾರದಲ್ಲಿ ದುಡಿಯುತ್ತಿದ್ದ ದಕ್ಷಿಣ ಏಷ್ಯಾದವರಿಗಾಗಿ ಹುಟ್ಟಿದ ಊಟ ಇದು. ಮೂರೂ ತರಕಾರಿಯದೇ ಬೇಕೆಂದರೆ ಕೊಡುತ್ತಾರೆ, ಮಾಂಸದ ತಟ್ಟೆಗಿಂತ ಅಗ್ಗ. ಹೋಲಿಸಿದರೆ ರಶೋಮಿನ ‘ಕರಿ ಮೈಲ್’ ಹೆಸರು ದೊಡ್ಡದು, ತಟ್ಟೆಯ ಬೆಲೆ ಹೆಚ್ಚು, ಮಾಂಸವೇ ಮುಖ್ಯ. ಸಸ್ಯಾಹಾರಿಗಳು ಬರೀ ಅದಕ್ಕಾಗಿ ಅಷ್ಟು ದೂರ ಹೋಗಬೇಕಿಲ್ಲ. ಚಿಪ್ಸ್ ಕೊಳ್ಳುವ ಮೊದಲು ಯಾವುದರಲ್ಲಿ ಕರಿದಿದ್ದು ಎಂದು ಕೇಳಿ. ಇಂಗ್ಲೆಂಡಿನ ಉತ್ತರ ಭಾಗದಲ್ಲಿ ದನದ ಕೊಬ್ಬಿನಲ್ಲಿ ಕರಿಯುವ ಅಂಗಡಿಗಳು ಇನ್ನೂ ಇವೆ. ಭಾನುವಾರ ದೊಡ್ಡ ಸೂಪರ್‌ಮಾರ್ಕೆಟ್‌ಗಳು ಕಾನೂನಿನಂತೆ ಆರೇ ತಾಸು ತೆರೆದಿರುತ್ತವೆ, ಸಂಜೆಯ ಅಡುಗೆಗೆ ಬೇಕಾದದ್ದನ್ನು ಮಧ್ಯಾಹ್ನವೇ ತಂದಿಟ್ಟುಕೊಳ್ಳಿ.

ಊರ ಹೊರಗಿನ ಗಿರಣಿ: ಮೂರರಲ್ಲಿ ಒಂದು

ಮೂರನೆಯ ದಿನಕ್ಕೆ ಒಂದು ಇಡೀ ಗಿರಣಿ ನೋಡಬೇಕೆಂದರೆ ಕ್ವಾರಿ ಬ್ಯಾಂಕ್, ಸಾಲ್ಟೇರ್, ಕ್ವೀನ್ ಸ್ಟ್ರೀಟ್ ಮಿಲ್ ಈ ಮೂರರ ನಡುವೆ ತೀರ್ಮಾನಿಸಬೇಕು.

ಸಾಲ್ಟೇರ್ ಯಾರ್ಕ್‌ಷೈರಿನಲ್ಲಿದೆ. ಟೈಟಸ್ ಸಾಲ್ಟ್ 1853ರಲ್ಲಿ ತೆರೆದ ಉಣ್ಣೆ ಗಿರಣಿ, ಸುತ್ತ ಕಾರ್ಮಿಕರಿಗಾಗಿ ಕಟ್ಟಿಸಿದ ಇಡೀ ಊರು. 2001ರಿಂದ ವಿಶ್ವ ಪರಂಪರೆಯ ತಾಣ. ಒಳಗೆ ಹೋಗಲು ದುಡ್ಡಿಲ್ಲ, ರೈಲು ನಿಲ್ದಾಣ ಗಿರಣಿಯ ಬಾಗಿಲಲ್ಲೇ ಇದೆ. ಆದರೆ ಲೀಡ್ಸ್ ಅಥವಾ ಬ್ರಾಡ್‌ಫೋರ್ಡ್ ಮೂಲಕ ಹೋಗಿಬರುವ ರೈಲಿನ ದುಡ್ಡು ಉಚಿತ ಪ್ರವೇಶದ ಲಾಭವನ್ನು ತಿಂದುಹಾಕುತ್ತದೆ. ಈಗ ಅಲ್ಲಿ ಗ್ಯಾಲರಿ, ಪುಸ್ತಕದಂಗಡಿಗಳಿವೆ, ಓಡುವ ಯಂತ್ರಗಳಿಲ್ಲ. ಕಟ್ಟಡ ಮತ್ತು ಬೀದಿಗಳ ಮೇಲೆ ಪ್ರೀತಿ ಇರುವವರು ಹೋಗಿ.

ಬರ್ನ್ಲಿ ಹತ್ತಿರದ ಕ್ವೀನ್ ಸ್ಟ್ರೀಟ್ ಮಿಲ್ 1890ರ ದಶಕದ ನೇಯ್ಗೆ ಗಿರಣಿ. ‘ಪೀಸ್’ ಎಂಬ ಹೆಸರಿನ ಉಗಿ ಎಂಜಿನ್, ಒಂದೇ ಛಾವಣಿಯ ಕೆಳಗೆ ಸುಮಾರು 300 ಮಗ್ಗ. ಎಂಜಿನ್ ಓಡುವ ದಿನ ಸಿಕ್ಕರೆ ಇದಕ್ಕೆ ಸಮನಾದದ್ದು ಬೇರೊಂದಿಲ್ಲ. ಚಳಿಗಾಲದಲ್ಲಿ ಮುಚ್ಚಿರುತ್ತದೆ, ಬೇಸಿಗೆಯಲ್ಲೂ ವಾರದ ಕೆಲವೇ ದಿನ, ಅದರಲ್ಲೂ ಉಗಿ ಹಾಯಿಸುವುದು ಕೆಲವೇ ದಿನ. ಮ್ಯಾಂಚೆಸ್ಟರಿನಿಂದ ಎಕ್ಸ್43 ಬಸ್ಸಿನಲ್ಲಿ ಬರ್ನ್ಲಿಗೆ, ಅಲ್ಲಿಂದ ಹಾರ್ಲ್ ಸೈಕ್ ಕಡೆಯ ಇನ್ನೊಂದು ಬಸ್ಸು. ಆ ದಿನ ಉಗಿ ಹಾಯಿಸುವುದನ್ನು ಖಚಿತಪಡಿಸಿಕೊಳ್ಳದೆ ಹೊರಡಬೇಡಿ.

ಮೊದಲ ಸಲ ಬಂದವರಿಗೆ ನಮ್ಮ ಶಿಫಾರಸು ಸ್ಟೈಯಲ್ ಹಳ್ಳಿಯ ಕ್ವಾರಿ ಬ್ಯಾಂಕ್. ಸ್ಯಾಮ್ಯುಯೆಲ್ ಗ್ರೆಗ್ 1784ರಲ್ಲಿ ಬೊಲಿನ್ ನದಿಯ ದಂಡೆಯಲ್ಲಿ ಕಟ್ಟಿದ್ದು. ನೀರಿನ ಚಕ್ರ, ಉಗಿ ಎಂಜಿನ್, ಓಡುವ ಮಗ್ಗ, ಕಾರ್ಮಿಕರ ಹಳ್ಳಿ, ‘ವರ್ಕ್‌ಹೌಸ್’ ಎಂಬ ಬಡವರ ಆಶ್ರಯಗಳಿಂದ ತಂದ ಮಕ್ಕಳನ್ನು ಇರಿಸಿದ್ದ ಅಪ್ರೆಂಟಿಸ್ ಹೌಸ್ ಎಲ್ಲವೂ ಒಂದೇ ಕಡೆ. ಪರಂಪರೆಯ ತಾಣಗಳನ್ನು ಕಾಯುವ ನ್ಯಾಷನಲ್ ಟ್ರಸ್ಟ್ ಸಂಸ್ಥೆ ನಡೆಸುವುದರಿಂದ ಟಿಕೆಟ್ ದುಬಾರಿ, ದೊಡ್ಡವರಿಗೆ 20 ಪೌಂಡಿನ ಆಸುಪಾಸು. ಈ ಪ್ರವಾಸದಲ್ಲಿ ಮನಸಾರೆ ದುಡ್ಡು ಕೊಡಬೇಕಾದ ಜಾಗ ಒಂದಿದ್ದರೆ ಇದು. ಅಪ್ರೆಂಟಿಸ್ ಹೌಸಿಗೆ ನಿಗದಿತ ವೇಳೆಯ ಗುಂಪುಗಳಲ್ಲೇ ಬಿಡುತ್ತಾರೆ. ಬೆಳಿಗ್ಗೆ ತೆರೆಯುವ ಹೊತ್ತಿಗೇ ಹೋಗಿ ಮೊದಲು ಆ ಚೀಟಿ ಪಡೆದು, ಆಮೇಲೆ ಗಿರಣಿಗೆ ಹೊರಳಿ. ಮಧ್ಯಾಹ್ನ ಬಂದವರಿಗೆ ಚೀಟಿ ಮುಗಿದಿರುತ್ತದೆ. ಸ್ಟೈಯಲ್ ನಿಲ್ದಾಣದಲ್ಲಿ ನಿಲ್ಲುವ ರೈಲುಗಳು ಕಡಿಮೆ, ಮರಳುವ ರೈಲಿನ ವೇಳೆ ಬರೆದಿಟ್ಟುಕೊಳ್ಳಿ. ತಪ್ಪಿದರೆ ವಿಮಾನ ನಿಲ್ದಾಣದವರೆಗೆ ಸುಮಾರು 3 ಕಿಲೋಮೀಟರ್ ನಡೆದು ಅಲ್ಲಿಂದ ರೈಲು ಹಿಡಿಯಬಹುದು. ಇಷ್ಟು ಹತ್ತಿರವೆಂದು ವಿಮಾನದ ದಿನವೇ ಸೂಟ್‌ಕೇಸ್ ಎಳೆದುಕೊಂಡು ಇಲ್ಲಿಗೆ ಬರುವ ಯೋಚನೆ ಬೇಡ. ದಾರಿ ಇಳಿಜಾರು, ಗಿರಣಿಯೊಳಗೆಲ್ಲ ಮೆಟ್ಟಿಲು.